ಕಿರು ಹೊಡೆತ

ಸುಗ್ಗಿ ಮುಗಿದು ಕಣದ ಕೆಲಸವೆಲ್ಲ ತೀರಿದ ಮೇಲೆ, ಕೃಷ್ಣರಾಜಪೇಟೆಯ ಸುತ್ತಿನ ಹಳ್ಳಿಗಳ ಬಯಲುಗಳು ಹುಡುಗರ ಪಾಲಾಗುತ್ತಿದ್ದ ಕಾಲವೊಂದಿತ್ತು. ನೆಲದಲ್ಲಿ ಒಂದು ಗುಳಿ, ಕೈಯಲ್ಲಿ ಒಂದು ದಾಂಡು, ಎರಡು ತುದಿಯೂ ಮೊನೆಯಾದ ಒಂದು ಚಿನ್ನಿ. ಇಷ್ಟಿದ್ದರೆ ಆಟ ಸಿದ್ಧ. ಹೊಸದಾಗಿ ಆಟಕ್ಕೆ ಬಂದ ಹುಡುಗನು ಮೈಯ ಬಲವನ್ನೆಲ್ಲ ತೋಳಿಗೆ ತಂದು ದಾಂಡನ್ನು ಬೀಸುತ್ತಾನೆ. ಚಿನ್ನಿ ಬಿದ್ದಲ್ಲಿಯೇ ಉಳಿಯುತ್ತದೆ. ಪಳಗಿದವನು ಚಿನ್ನಿಯ ಮೊನೆಯನ್ನು ಮೊದಲು ಮೆಲ್ಲನೆ ತಟ್ಟುತ್ತಾನೆ. ಅದು ಹದವಾಗಿ ಮೇಲಕ್ಕೆ ಚಿಮ್ಮಿದಾಗ ಬೀಸಿ ಹೊಡೆಯುತ್ತಾನೆ. ಚಿನ್ನಿ ಬಯಲಿನ ಅಂಚನ್ನು ಮುಟ್ಟುತ್ತದೆ. ನೋಡುವವರು ಹೊಗಳುವುದು ಎರಡನೆಯ ಹೊಡೆತವನ್ನು. ಆದರೆ ಅದನ್ನು ಸಾಧ್ಯಗೊಳಿಸಿದ್ದು ಮೊದಲಿನ ಕಿರು ತಟ್ಟು.

ಕೋಲು ಮತ್ತು ಗುಳಿಗಳ ಇನ್ನೊಂದು ಆಟ ಗಾಲ್ಫ್. ಅದು ಸ್ಕಾಟ್ಲೆಂಡಿನಲ್ಲಿ ಬೆಳೆದು ಆಂಗ್ಲರೊಡನೆ ಭಾರತಕ್ಕೆ ಬಂದಿತು. ಕಲ್ಕತ್ತೆಯಲ್ಲಿ 1829ರಲ್ಲಿ, ಬೆಂಗಳೂರಿನಲ್ಲಿ 1876ರಲ್ಲಿ ಗಾಲ್ಫ್ ಸಂಘಗಳು ಸ್ಥಾಪನೆಯಾದವು. 46 ಗ್ರಾಂಗಿಂತ ಕಡಿಮೆ ತೂಗುವ ಪುಟ್ಟ ಚೆಂಡನ್ನು ಕೋಲಿನಿಂದ ಹೊಡೆಯುತ್ತ, ನೂರಾರು ಮೀಟರು ದೂರದಲ್ಲಿರುವ ಗುಳಿಗೆ ಸೇರಿಸುವುದು ಈ ಆಟದ ಗುರಿ. ಆ ಗುಳಿಯ ಅಗಲವಾದರೋ ಕೇವಲ 10.8 ಸೆಂಟಿಮೀಟರು. ಇಂತಹ ಹದಿನೆಂಟು ಗುಳಿಗಳನ್ನು ಅತ್ಯಂತ ಕಡಿಮೆ ಹೊಡೆತಗಳಲ್ಲಿ ಮುಗಿಸಿದವರೇ ವಿಜಯಿಗಳು. ಇನ್ನೂರು ಮೀಟರು ಹಾರಿದ ಹೊಡೆತವೂ ಲೆಕ್ಕಕ್ಕೆ ಒಂದೇ. ಒಂದು ಗೇಣು ಉರುಳಿದ ಹೊಡೆತವೂ ಒಂದೇ. ಈ ಆಟದ ನ್ಯಾಯವೆಲ್ಲ ಈ ಮಾತಿನಲ್ಲಿ ಅಡಗಿದೆ.

ದೂರದ ಹೊಡೆತಕ್ಕೆ ಬೇಕಾದುದು ತೋಳಿನ ಬಲವೊಂದೇ ಅಲ್ಲ. ಕೋಲನ್ನು ಹಿಂದಕ್ಕೆ ಎತ್ತುವಾಗ ಭುಜಗಳು ತಿರುಗಬೇಕು. ಬಲಗೈ ಆಟಗಾರನ ಮೈಭಾರ ಬಲಗಾಲಿನ ಕಡೆಗೆ ಸರಿಯಬೇಕು. ಕೆಳಗಿಳಿಯುವಾಗ ಮೊದಲು ಸೊಂಟ ತಿರುಗುತ್ತದೆ. ಅದರ ಬೆನ್ನಿಗೆ ಭುಜ, ಆಮೇಲೆ ತೋಳು, ಕೊನೆಗೆ ಕೋಲಿನ ತಲೆ. ಚಾಟಿಯ ಹಿಡಿಯಲ್ಲಿ ಹುಟ್ಟಿದ ವೇಗವು ತುದಿಗೆ ಹೋಗುತ್ತ ಹೆಚ್ಚುವಂತೆ, ಇಲ್ಲಿಯೂ ವೇಗವು ಕೋಲಿನ ತುದಿಗೆ ಬಂದು ಸೇರುತ್ತದೆ. ಅವಸರದಲ್ಲಿ ತೋಳು ಮುಂದಾದರೆ ಈ ಕ್ರಮ ಕೆಡುತ್ತದೆ. ಹಿಡಿತ ಅತಿಯಾಗಿ ಬಿಗಿಯಾದರೆ ಮಣಿಕಟ್ಟು ಬಾಗುವುದಿಲ್ಲ. ಕೋಲಿನ ಮುಖ ತುಸುವೇ ಓರೆಯಾದರೂ ಚೆಂಡು ಪಕ್ಕದ ಮರಗಳ ಕಡೆಗೆ ಹೋಗುತ್ತದೆ. ಹೀಗೆ ಬಲವನ್ನು ತೋರಿಸಹೊರಟವನು ಬಲವನ್ನೇ ಕಳೆದುಕೊಳ್ಳುತ್ತಾನೆ.

ಗುಳಿಯ ಸಮೀಪಕ್ಕೆ ಬಂದಾಗ ಆಟದ ರೀತಿಯೇ ಬೇರೆಯಾಗುತ್ತದೆ. ಅಲ್ಲಿ ಬೇಕಾದುದು ಹದ. ಹುಲ್ಲಿನ ಅಂಚಿನಿಂದ ಚೆಂಡನ್ನು ತುಸುವೇ ಎತ್ತಿ, ಉಳಿದ ದೂರವನ್ನು ಅದು ತಾನೇ ಉರುಳುವಂತೆ ಮಾಡಬೇಕು. ಚೆಂಡು ಮರಳಿನ ಹಳ್ಳಕ್ಕೆ ಬಿದ್ದರೆ ಸಾಮಾನ್ಯವಾಗಿ ಅದನ್ನು ನೇರವಾಗಿ ಹೊಡೆಯುವುದಿಲ್ಲ. ಅದರ ಹಿಂದಿನ ಮರಳನ್ನು ಹೊಡೆಯುತ್ತಾರೆ. ಮರಳು ಚಿಮ್ಮುತ್ತ ಚೆಂಡನ್ನೂ ಹೊರಕ್ಕೆ ಒಯ್ಯುತ್ತದೆ. ಗುಳಿಯ ಸುತ್ತಲಿನ ನುಣುಪಾದ ಹುಲ್ಲಿನ ಮೇಲೆ ಕೋಲು ಗಡಿಯಾರದ ಲೋಲಕದಂತೆ ಸಮವಾಗಿ ತೂಗಬೇಕು. ನೆಲದ ಇಳಿಜಾರನ್ನು ಓದಬಲ್ಲ ಕಣ್ಣೂ, ಅಲುಗಾಡದ ಮನಸ್ಸೂ ಆಗ ನೆರವಿಗೆ ಬರಬೇಕು. ಪ್ರತಿ ಗುಳಿಗೂ ಇಂತಹ ಎರಡು ಹೊಡೆತಗಳೆಂದು ಹಿಡಿದೇ ಮೈದಾನದ ಲೆಕ್ಕವನ್ನು ಗೊತ್ತುಮಾಡಿರುತ್ತಾರೆ. ಹದಿನೆಂಟು ಗುಳಿಗಳಿಗೆ ಅವು ಮೂವತ್ತಾರು. ಎಪ್ಪತ್ತೆರಡು ಹೊಡೆತಗಳ ಮೈದಾನದಲ್ಲಿ ಸರಿಯಾಗಿ ಅರ್ಧ! ಆದರೂ ಕಲಿಯುವವರಲ್ಲಿ ಹೆಚ್ಚಿನವರು ಅಭ್ಯಾಸದ ಹೊತ್ತನ್ನೆಲ್ಲ ದೂರದ ಹೊಡೆತಕ್ಕೇ ವೆಚ್ಚಮಾಡುತ್ತಾರೆ.

ಕಿರು ಹೊಡೆತದ ಮಹಿಮೆಯನ್ನು ಲೋಕಕ್ಕೆ ತೋರಿಸಿಕೊಟ್ಟವಳು ಕನ್ನಡ ನಾಡಿನ ಹೆಣ್ಣುಮಗಳು ಅದಿತಿ ಅಶೋಕ್. ಆಕೆ 1998ರಲ್ಲಿ ಬೆಂಗಳೂರಿನಲ್ಲಿ ಜನಿಸಿದಳು. ಐದು ವರ್ಷ ದಾಟಿದ ಬಾಲಕಿಯಾಗಿದ್ದಾಗ, ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನದ ಪಕ್ಕದ ಉಪಾಹಾರ ಗೃಹದಿಂದ ಈ ಆಟವನ್ನು ಕಂಡು ಕುತೂಹಲಗೊಂಡಳು. ಮನೆಯಲ್ಲಿ ಅದಕ್ಕೆ ಮುನ್ನ ಗಾಲ್ಫ್ ಆಡಿದವರು ಯಾರೂ ಇರಲಿಲ್ಲ. ಹಾಗಿದ್ದೂ ಹದಿನೆಂಟನೆಯ ವಯಸ್ಸಿನಲ್ಲಿ, 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಆಕೆ ಭಾರತದ ಪರವಾಗಿ ಆಡಿದಳು. ಮಗಳ ಕೋಲುಗಳ ಚೀಲವನ್ನು ಅಂದು ಹೊತ್ತು ನಡೆದವರು ತಂದೆ.

ಟೋಕಿಯೋ ಒಲಿಂಪಿಕ್ಸ್ 2021ರಲ್ಲಿ ನಡೆಯಿತು. ಅದಕ್ಕೆ ಕೆಲವು ತಿಂಗಳ ಹಿಂದೆ ಅದಿತಿಗೆ ಕೋವಿಡ್ ತಗಲಿತ್ತು. ಮೊದಲೇ ದೂರ ಹೊಡೆಯುವವಳಲ್ಲ. ಕಾಯಿಲೆಯಿಂದ ಇದ್ದ ಬಲವೂ ಕುಂದಿತು. ವಿಶ್ವದ ಪಟ್ಟಿಯಲ್ಲಿ ಆಕೆಯದು 200ನೆಯ ಸ್ಥಾನ. ಅಮೆರಿಕದ ನೆಲ್ಲಿ ಕೊರ್ಡಾ ಅಗ್ರಸ್ಥಾನದಲ್ಲಿದ್ದಳು. ಕೊರ್ಡಾಳ ಮೊದಲ ಹೊಡೆತ ಬಿದ್ದ ಸ್ಥಳಕ್ಕಿಂತ ಅದಿತಿಯ ಚೆಂಡು ಬಹಳ ಹಿಂದೆಯೇ ನಿಲ್ಲುತ್ತಿತ್ತು. ಆದರೆ ಗುಳಿಯ ಬಳಿಗೆ ಬಂದಾಗ ಆ ಅಂತರ ಕರಗುತ್ತಿತ್ತು. ಚೀಲ ಹೊತ್ತ ತಾಯಿಯೊಡನೆ ಆಕೆ ನಾಲ್ಕು ದಿನ ಆಡಿದಳು. 67, 66, 68, 68, ಒಟ್ಟು 269 ಹೊಡೆತಗಳು. ಕೊನೆಯ ಗುಳಿಯಲ್ಲಿ ದೂರದಿಂದ ಉರುಳಿಸಿದ ಚೆಂಡು ಒಳಗೆ ಬೀಳಲಿಲ್ಲ. ಒಂದೇ ಹೊಡೆತದಿಂದ ಪದಕ ತಪ್ಪಿತು. ಅರುವತ್ತು ಮಂದಿಯಲ್ಲಿ ಆಕೆ ನಾಲ್ಕನೆಯವಳಾದಳು. ಗಾಲ್ಫ್ ಎಂದರೇನೆಂದು ಅರಿಯದ ಭಾರತೀಯರೂ ಆ ದಿನ ಮುಂಜಾನೆ ಎದ್ದು ಆ ಪುಟ್ಟ ಚೆಂಡಿನ ಹಾದಿಯನ್ನು ಕಾದು ನೋಡಿದರು.

ಸಾಧನೆಯ ಹಾದಿ ಅಲ್ಲಿಗೆ ಸುಗಮವಾಗಲಿಲ್ಲ. ಚೀನಾದ ಹಾಂಗ್‌ಝೌ ನಗರದಲ್ಲಿ 2023ರಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ ಕೊನೆಯ ದಿನ ಅದಿತಿ ಏಳು ಹೊಡೆತಗಳಷ್ಟು ಮುಂದಿದ್ದಳು. ಚಿನ್ನ ಕೈಗೆ ಬಂದಂತೆಯೇ ಇತ್ತು. ಅಂದು ಆಟ ಕೆಟ್ಟಿತು. 77 ಹೊಡೆತಗಳಾಗಿ ಚಿನ್ನ ಥಾಯ್ಲೆಂಡಿನ ಆಟಗಾರ್ತಿಯ ಪಾಲಾಯಿತು. ಅದಿತಿಗೆ ದೊರೆತದ್ದು ಬೆಳ್ಳಿ. ಆದರೂ ಏಷ್ಯನ್ ಕ್ರೀಡಾಕೂಟದ ಗಾಲ್ಫ್‌ನಲ್ಲಿ ಪದಕ ಗಳಿಸಿದ ಭಾರತದ ಮೊದಲ ಮಹಿಳೆ ಆಕೆಯೇ. ನಿನ್ನೆ ಚೆನ್ನಾಗಿ ಆಡಿದುದು ಇಂದಿನ ಹೊಡೆತಕ್ಕೆ ಒದಗುವುದಿಲ್ಲ. ಪ್ರತಿಯೊಂದು ಹೊಡೆತವನ್ನೂ ಹೊಸದಾಗಿಯೇ ಹೊಡೆಯಬೇಕು.

ಕೃಷ್ಣರಾಜಪೇಟೆಗೆ ಸಮೀಪದಲ್ಲಿ ಹೊಸಹೊಳಲು ಎಂಬ ಊರಿದೆ. ಅಲ್ಲಿಯ ಲಕ್ಷ್ಮೀನಾರಾಯಣ ದೇವಾಲಯ 13ನೆಯ ಶತಮಾನದ ಹೊಯ್ಸಳ ಶಿಲ್ಪ. ಅದರ ಗೋಡೆಯ ಮೇಲೆ ಆನೆ ಕುದುರೆಗಳ ಸಾಲೂ, ರಾಮಾಯಣ ಭಾರತಗಳ ಕಥೆಗಳೂ ಇವೆ. ಗಣಿಯಿಂದ ಬಳಪದ ಕಲ್ಲಿನ ಬಂಡೆಯನ್ನು ಬಿಡಿಸಲು ಬಲವಾದ ಪೆಟ್ಟುಗಳು ಬೇಕಾದುವು, ನಿಜ. ಆದರೆ ವಿಗ್ರಹದ ಕಿವಿಯ ಓಲೆಯನ್ನು ಬಿಡಿಸಿದುದು ಚಿಕ್ಕ ಉಳಿಯ ಕಿರು ಪೆಟ್ಟು. ಬಂಡೆಯನ್ನು ಬಿಡಿಸಿದ ಪೆಟ್ಟನ್ನು ಇಂದು ಯಾರೂ ನೆನೆಯುವುದಿಲ್ಲ. ಓಲೆಯನ್ನು ನೋಡಲು ಜನ ದೂರದಿಂದ ಬರುತ್ತಾರೆ.

ಹೆಚ್ಚಿನ ಮೈಬಲವನ್ನು ಪ್ರಕೃತಿ ಎಲ್ಲರಿಗೂ ಕೊಟ್ಟಿಲ್ಲ. ಹದವನ್ನು ಮಾತ್ರ ಅಭ್ಯಾಸದಿಂದ ಯಾರಾದರೂ ಗಳಿಸಬಹುದು. ಆಟದ ಬಯಲಿನಲ್ಲಿ ಬಲವಿಲ್ಲದವನೆಂದು ಹಿಂದೆ ನಿಂತ ಹುಡುಗನೂ, ಕಾಯಿಲೆಯಿಂದೆದ್ದು ಮತ್ತೆ ಆಟಕ್ಕೆ ಬಂದ ಹುಡುಗಿಯೂ ಇದನ್ನು ನೆನೆಯಬೇಕು. ದೂರದ ಹೊಡೆತ ಚೆಂಡನ್ನು ಗುಳಿಯ ಸಮೀಪಕ್ಕೆ ತರುತ್ತದೆ. ಗುಳಿಯನ್ನು ಸೇರಿಸುವುದು ಕಿರು ಹೊಡೆತವೇ.