ಲಿಮೋಜ್‌ನ ಪಿಂಗಾಣಿ ಮನೆ

ಪ್ಯಾರಿಸ್‌ನಿಂದ ಲಿಮೋಜ್‌ಗೆ ರೈಲಿನಲ್ಲಿ ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು. ಇಳಿದವನೇ ವಿಯೆನ್ ನದಿಯ ಕಡೆಗೆ ನಡೆದೆ. ಒಂದು ಕಾಲದಲ್ಲಿ ಪಿಂಗಾಣಿ ಭಟ್ಟಿಗಳಿಗೆ ಬೇಕಾದ ಸೌದೆಯೆಲ್ಲ ಈ ನದಿಯಲ್ಲೇ ತೇಲಿ ಬರುತ್ತಿತ್ತು. ದಂಡೆಯ ಹತ್ತಿರ ಕಾಸ್ಸೋದ ಹಳೆಯ ದುಂಡು ಭಟ್ಟಿಯನ್ನು ಉಳಿಸಿಕೊಂಡಿದ್ದಾರೆ. ಒಳಗೆ ನಿಂತು ತಲೆ ಎತ್ತಿದರೆ ಇಟ್ಟಿಗೆಯ ಗೋಡೆ ಮೇಲಕ್ಕೆ ಹೋಗುತ್ತಲೇ ಇರುತ್ತದೆ.

ಈ ಊರಿನ ಭಾಗ್ಯ ತೆರೆದದ್ದು ಮಣ್ಣಿನಿಂದ. 1768ರ ಸುಮಾರಿಗೆ ದಕ್ಷಿಣದ ಸೇಂತಿರಿಯೆಯಲ್ಲಿ ಪಿಂಗಾಣಿಗೆ ಬೇಕಾದ ಕಯೋಲಿನ್ ಮಣ್ಣು ಸಿಕ್ಕಿತು. ವೈದ್ಯ ದಾರ್ನೆಯ ಹೆಂಡತಿ ಬಟ್ಟೆ ಒಗೆಯಲೆಂದು ಆರಿಸಿಕೊಂಡ ಬಿಳಿ ಮಣ್ಣೇ ಅದು ಎಂಬುದು ಪ್ರತೀತಿ. 1842ರಲ್ಲಿ ನ್ಯೂಯಾರ್ಕಿನ ವ್ಯಾಪಾರಿ ಡೇವಿಡ್ ಹ್ಯಾವಿಲ್ಯಾಂಡ್ ಇಲ್ಲಿಗೇ ಬಂದು ನೆಲೆಸಿದ. ಲಿಂಕನ್ ಕಾಲದ ಶ್ವೇತಭವನಕ್ಕೆ ತಟ್ಟೆ ಹೋದದ್ದು ಅವನ ಪಿಂಗಾಣಿ ಸಂಸ್ಥೆಯಿಂದ. ಮಕ್ಕಳ ಕಾಲಕ್ಕೆ ಆ ಸಂಸ್ಥೆ ಪಾಲಾಯಿತು. 1905ರಲ್ಲಿ ಊರಿನ ಪಿಂಗಾಣಿ ಕಾರ್ಮಿಕರು ಬೀದಿಗಿಳಿದಾಗ ಸೈನಿಕರ ಗುಂಡಿಗೆ ಕಮೀಲ್ ವಾರ್ದೆಲ್ ಎಂಬ ಹುಡುಗ ಸತ್ತ. ಮಾಲೀಕರ ವಂಶಾವಳಿಯನ್ನಷ್ಟೇ ಹೇಳಿ ಇವನನ್ನು ಬಿಟ್ಟರೆ ಲಿಮೋಜ್‌ನ ಕಥೆ ಅರ್ಧವೇ.

ನಾನು ನೋಡಬೇಕೆಂದು ಬಂದದ್ದು ಬೆರ್ನಾರ್ದೋ ಕಾರ್ಖಾನೆಯನ್ನು. 1863ರಲ್ಲಿ ಬೇರೆಯವರು ಹಾಕಿದ ಬಂಡವಾಳದಿಂದ ಅದು ಶುರುವಾಯಿತು. ಅಲ್ಲಿ ಕೆಲಸ ಕಲಿಯಲು ಸೇರಿದ ಲೆಯೋನಾರ್ ಬೆರ್ನಾರ್ದೋ ಮಾರಾಟದ ಮುಖ್ಯಸ್ಥನಾಗಿ, 1895ರಲ್ಲಿ ಪಾಲುದಾರನಾಗಿ, 1900ರಲ್ಲಿ ಇಡೀ ಕಾರ್ಖಾನೆಯನ್ನೇ ಕೊಂಡು ತನ್ನ ಹೆಸರಿಟ್ಟ. ಇಂದಿಗೂ ಅದು ಅದೇ ಕುಟುಂಬದ ಕೈಯಲ್ಲಿದೆ. ಕೆಳಗಿನ ಮೆಟ್ಟಿಲಿಂದ ಹತ್ತಿದವನು ಕಟ್ಟಿದ ಮನೆ ಎಂಬುದೇ ಅದರ ಬಲ ಎಂದು ನನಗೆ ಅನ್ನಿಸುತ್ತದೆ.

ಒಳಗೆ ಒಬ್ಬಾಕೆ ಹಸಿ ಬಟ್ಟಲುಗಳಿಗೆ ಹಿಡಿ ಕೂರಿಸುತ್ತಿದ್ದಳು. ನೀರಾಗಿಸಿದ ಅದೇ ಮಣ್ಣನ್ನು ಹಿಡಿಯ ಎರಡೂ ತುದಿಗೆ ಸವರಿ, ಒತ್ತಿ, ಹೊರಬಂದದ್ದನ್ನು ಒದ್ದೆ ಸ್ಪಂಜಿನಿಂದ ಒರೆಸಿದಳು. ಕೂಡಿಸಿದ ಗುರುತೇ ಉಳಿಯಲಿಲ್ಲ. ಹಿಡಿ ಎಳ್ಳಷ್ಟು ಓರೆಯಾದರೂ ಬೆಂಕಿ ಅದನ್ನು ಎತ್ತಿ ತೋರಿಸುತ್ತದೆ. ಮೊದಲ ಸುಡುವಿಕೆ 1000 ಡಿಗ್ರಿಯ ಆಸುಪಾಸು. ಮೆರುಗಿನಲ್ಲಿ ಅದ್ದಿ ತೆಗೆದ ಮೇಲೆ ಎರಡನೆಯದು ಸುಮಾರು 1400 ಡಿಗ್ರಿ. ಆ ಶಾಖದಲ್ಲಿ ಮಣ್ಣು ಮೆತ್ತಗಾಗಿ ಕುಗ್ಗುತ್ತದೆ. ಹಸಿ ತಟ್ಟೆಯ ಪಕ್ಕದಲ್ಲಿ ಸುಟ್ಟ ತಟ್ಟೆ ಇಟ್ಟು ನೋಡಿದೆ: ಒಂದೇ ಅಚ್ಚಿನವು, ಆದರೆ ಸುಟ್ಟದ್ದು ಹಸಿಯದರ ಅಂಚಿನೊಳಗೆ ಆರಾಮಾಗಿ ಕೂರುವಷ್ಟು ಚಿಕ್ಕದು.

ದುಂಡು ಭಟ್ಟಿಯ ಕಾಲದಲ್ಲಿ ತುಂಬಬೇಕು, ಉರಿಸಬೇಕು, ಆರುವವರೆಗೆ ದಿನಗಟ್ಟಲೆ ಕಾಯಬೇಕು. 1949ರಲ್ಲಿ ಬೆರ್ನಾರ್ದೋ ಗ್ಯಾಸಿನಿಂದ ಉರಿಯುವ ಸುರಂಗ ಭಟ್ಟಿ ಹಾಕಿಸಿದರು. ಫ್ರಾನ್ಸಿಗೇ ಅದು ಮೊದಲನೆಯದು. ಅಲ್ಲಿಂದ ಹಗಲು ರಾತ್ರಿ ಬೆಂಕಿ ಆರಿಸಬೇಕಾಗಲಿಲ್ಲ, ತಟ್ಟೆ ಹೊತ್ತ ಗಾಡಿಗಳೇ ಬೆಂಕಿಯೊಳಗೆ ಸಾಗತೊಡಗಿದವು. ಹಿಡಿ ಕೂರಿಸುವುದಕ್ಕೆ ಮಾತ್ರ ಈಗಲೂ ಅವಳ ಕೈಯೇ ಬೇಕು.