ಹಳೆ ನೋಟೀಸು

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಈ ವಾಚನಾಲಯದ ಹಲಗೆಗೆ ನೋಟೀಸು ಅಂಟಿಸುವ ಕೆಲಸ ನನ್ನದಾಗಿತ್ತು. ಮೈದಾ ಗೋಂದು ಕಾಯಿಸಿ ಅಂಟಿಸೋದು ಖುಷಿ, ಹಳೇದನ್ನು ಕೀಳೋದು ಬೇಜಾರು. ‘ಬರುವ ಸೋಮವಾರ ತಾಳವಾಡಿಯಲ್ಲಿ ಕಣ್ಣಿನ ಕ್ಯಾಂಪ್’ ಅನ್ನುವ ಕಾಗದವನ್ನು, ಕ್ಯಾಂಪ್ ಮುಗಿದ ಮೇಲೂ ಹಾಗೇ ಬಿಟ್ಟಿದ್ದೆ. ತಲಮಲೆ ಕಡೆಯ ಅಜ್ಜ ಒಬ್ಬರು ಯಾರಿಂದಲೋ ಓದಿಸಿಕೊಂಡು, ಮುಂದಿನ ಸೋಮವಾರ ಕೂಲಿ ಬಿಟ್ಟು ಹೋದರು. ವಾಪಸು ಬರುವಾಗ ಬಸ್ಸು ತಪ್ಪಿ, ಮಂಜುಗಣ್ಣಲ್ಲಿ ಆನೆ ತಿರುಗುವ ದಾರಿಯಲ್ಲಿ ಕತ್ತಲಾಗುವ ತನಕ ನಡೆದರಂತೆ.

“ಅಲ್ಲಿ ಯಾರೂ ಇರ್ನಿಲ್ಲ ಕಣ್ ಮಗ. ಕಾಗ್ದ ಇತ್ತಲ್ಲ ಅಂತ ಹೋದೆ” ಅಂದರು. ನಾನು ತಲೆ ಎತ್ತಲಿಲ್ಲ.

ಈಗ ಬೆಂಗಳೂರಿನಲ್ಲಿ ಪೋಸ್ಟ್‌ಡಾಕ್ ಮಾಡುತ್ತಿದ್ದೇನೆ. “ಪಿಎಚ್.ಡಿ. ಮುಗೀತಲ್ಲ, ಇನ್ನೂ ಏನ್ಲಾ ಓದೀಯೆ?” ಅಂತ ಅವ್ವ ಕೇಳುತ್ತಾಳೆ. ನೋಟೀಸು ಕೀಳೋದನ್ನ ಓದ್ತಾ ಇದೀನಿ ಕಣವ್ವ ಅನ್ನುತ್ತೇನೆ. ತಮಾಷೆ ಅಲ್ಲ, ನಿಜ.

ನಮ್ಮ ಜೀವಕೋಶದಲ್ಲಿ ಡಿಎನ್‌ಎ ಅನ್ನೋದು ಆಫೀಸಿನ ದೊಡ್ಡ ರಿಜಿಸ್ಟರ್ ಇದ್ದಹಾಗೆ, ಹೊರಗೆ ಬರುವುದಿಲ್ಲ. ಬೇಕಾದ ಪುಟದ ನಕಲು ಮಾತ್ರ ಬರುತ್ತದೆ. ಅದೇ ಎಂ-ಆರ್‌ಎನ್‌ಎ, ಅಂದರೆ ಸಂದೇಶದ ಆರ್‌ಎನ್‌ಎ. 1961ರಲ್ಲಿ ಇದು ಗೊತ್ತಾಯಿತು. ಕೊರೊನಾ ಲಸಿಕೆಯಿಂದ ಹೆಸರು ಮನೆಮನೆಗೆ ಬಂತು. ಅದಕ್ಕೆ ದಾರಿ ಮಾಡಿದ ಕಾರಿಕೊ ಮತ್ತು ವೈಸ್‌ಮನ್ ಅವರಿಗೆ 2023ರಲ್ಲಿ ನೊಬೆಲ್ ಸಿಕ್ಕಿತು. ಆ ನಕಲನ್ನು ಓದಿಕೊಂಡು ಕೋಶ ಪ್ರೋಟೀನು ಮಾಡುತ್ತದೆ. ನಕಲು ಇರುವ ತನಕ ಮಾಡುತ್ತಲೇ ಇರುತ್ತದೆ. ಆದ್ದರಿಂದ ಕೆಲಸ ಮುಗಿದ ನಕಲನ್ನು ಹರಿಯಲೇಬೇಕು. ಸಾಮಾನ್ಯವಾಗಿ ಮೊದಲು ಅದರ ಬಾಲ ಸವೆಯುತ್ತದೆ, ಆಮೇಲೆ ತಲೆಯ ಟೋಪಿ ಕಳಚುತ್ತದೆ, ನಂತರ ಒಂದು ಕಿಣ್ವ ತಲೆ ಕಡೆಯಿಂದ ಮೇಯ್ದುಬಿಡುತ್ತದೆ. ಯೀಸ್ಟ್‌ನಲ್ಲಿ ಬಹುಪಾಲು ನಕಲುಗಳ ಆಯುಷ್ಯ ನಿಮಿಷಗಳ ಲೆಕ್ಕ. ನಮ್ಮಲ್ಲಿ ಎಷ್ಟೋ ನಕಲುಗಳು ಗಂಟೆಗಟ್ಟಲೆ ಇರುತ್ತವೆ.

ಹರಿಯದಿದ್ದರೆ? ಟಿಎನ್‌ಎಫ್ ಅನ್ನುವ ಪ್ರೋಟೀನು ಮೈಯಲ್ಲಿ ಉರಿಯೂತ ಎಬ್ಬಿಸುತ್ತದೆ. ಅದರ ಸಂದೇಶವನ್ನು ಹರಿಸುವುದು ಟಿಟಿಪಿ. ಟಿಟಿಪಿ ಇಲ್ಲದ ಇಲಿಗಳಿಗೆ ಕೀಲು ಊದಿ ಮೈ ಸೊರಗುತ್ತದೆ. ಗಾಯ ಇಲ್ಲದಿದ್ದರೂ ‘ಗಾಯ ಇದೆ’ ಅನ್ನುವ ಹಳೆ ನೋಟೀಸು ಗೋಡೆ ಮೇಲೇ ಇರುತ್ತದೆ.

ಎಲ್ಲವನ್ನೂ ಹರಿಯುವುದೂ ಇಲ್ಲ. ಕಷ್ಟಕಾಲದಲ್ಲಿ ಕೋಶ ಕೆಲವನ್ನು ಮಡಚಿಟ್ಟು ಆಮೇಲೆ ತೆಗೆಯುತ್ತದೆ. ಯಾವುದನ್ನು ಇಡಬೇಕು, ಯಾವುದನ್ನು ಹರಿಯಬೇಕು ಅನ್ನುವ ಈ ಪ್ರಶ್ನೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪುರುಷಾರ್ಥ ರಾಜ್ಯಗುರು ಅವರ ತಂಡ ಯೀಸ್ಟ್‌ನಲ್ಲಿ ಹುಡುಕುತ್ತಿದೆ. ನನ್ನ ಹುಡುಕಾಟವೂ ಅದೇ. ನನ್ನ ಫೆಲೋಶಿಪ್ಪು ಬರುವ ಮಾರ್ಚ್‌ಗೆ ಮುಗಿಯುತ್ತದೆ. ಉತ್ತರ ಇನ್ನೂ ಕೈಗೆ ಸಿಕ್ಕಿಲ್ಲ.

ಮುಂದಿನ ಕಣ್ಣಿನ ಕ್ಯಾಂಪ್ ಬರುವಷ್ಟರಲ್ಲಿ ಅಜ್ಜ ಇರಲಿಲ್ಲ. ಆ ಕಾಗದ ಕೀಳಬೇಕಾಗಿದ್ದವನು ನಾನೇ ಎಂದು ಅವರಿಗೆ ಹೇಳಲಿಲ್ಲ. ಇವತ್ತು ಇಲ್ಲಿ ಬರೆದಿದ್ದೇನೆ. ಈಗ ಹಲಗೆ ನೋಡಿಕೊಳ್ಳುವ ಹುಡುಗರು ಇದನ್ನು ಓದಿದರೆ ಸಾಕು.