ಹೆಸರು ಹೇಳದ ಹದಿನಾಲ್ಕು ಗಂಟೆ

ಬಾಗಿಲು ಬಡಿಯುತ್ತಿದ್ದಾರೆ. ಬೆಳಗಿನ ಐದೂವರೆ. 2010ರ ಆಗಸ್ಟ್ 21, ಶನಿವಾರ, ಹೈದರಾಬಾದ್. ರಂಜಾನ್ ತಿಂಗಳು, ಸೆಹರಿ ಮುಗಿದು, ಬೆಳಗಿನ ಆಜಾನ್ ಕೂಗಿ ಸ್ವಲ್ಪ ಹೊತ್ತಾಗಿದೆ. ನೀವೀಗ ಮತಯಂತ್ರದ ದೋಷ ಹುಡುಕುವ ತಂತ್ರಜ್ಞ ಹರಿಪ್ರಸಾದ್ ಅವರ ಜಾಗದಲ್ಲಿದ್ದೀರಿ. ಕಣ್ಣಲ್ಲಿನ್ನೂ ನಿದ್ದೆ, ಬರಿಗಾಲಿಗೆ ನೆಲ ತಣ್ಣಗೆ ತಾಗುತ್ತಿದೆ. ಚಿಲಕದತ್ತ ಕೈ ಚಾಚುವಷ್ಟರಲ್ಲಿ ಎದೆ ಡವಗುಟ್ಟತೊಡಗಿದೆ. ತೆರೆಯುತ್ತೀರಿ. ಪೊಲೀಸರು.

ಏನು ಆರೋಪ? ಸ್ಪಷ್ಟ ಉತ್ತರವಿಲ್ಲ. ಮೇಲಿನಿಂದ ಒತ್ತಡವಿದೆ ಎನ್ನುತ್ತಾರೆ. ಒಂದು ದಾರಿಯನ್ನೂ ತೋರಿಸುತ್ತಾರೆ: ಮತಯಂತ್ರವನ್ನು ನಿಮ್ಮ ಕೈಗೆ ಕೊಟ್ಟವರು ಯಾರು? ಹೆಸರು ಹೇಳಿಬಿಟ್ಟರೆ ನಿಮ್ಮ ತಂಟೆಗೆ ಬರುವುದಿಲ್ಲ.

ಒಂದೇ ಒಂದು ಹೆಸರು. ನಾಲಿಗೆ ಒಣಗುತ್ತದೆ. ಹೇಳಿದರೆ ಇವತ್ತಿನ ಬೆಳಗಿನ ಕಾಫಿ ಮನೆಯಲ್ಲೇ. ಹೇಳದಿದ್ದರೆ ಎಷ್ಟು ರಾತ್ರಿ ಎಲ್ಲಿ ಕಳೆಯಬೇಕೋ ಗೊತ್ತಿಲ್ಲ. ನಿಮ್ಮನ್ನು ನಂಬಿ ಯಂತ್ರ ತಂದುಕೊಟ್ಟವರ ಮುಖ ಕಣ್ಣೆದುರು ಬರುತ್ತದೆ. ನೀವು ಬಾಯಿ ಬಿಡುವುದಿಲ್ಲ. ಗಾಡಿಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಮುಂಬೈಗೆ ಸುಮಾರು ಹದಿನಾಲ್ಕು ಗಂಟೆಯ ದಾರಿ.

ಯಾವ ಯಂತ್ರ? ಆರು ತಿಂಗಳು ಹಿಂದೆ ಹೋಗಿ. ಅದೇ ಊರು, ಫೆಬ್ರವರಿ. ಮೇಜಿನ ಮೇಲೆ ನಿಜವಾದ ಮತಯಂತ್ರವಿದೆ. ದೇಶದಲ್ಲಿ ಇದನ್ನು ತಯಾರಿಸುವವು ಎರಡೇ ಸಂಸ್ಥೆಗಳು: ಬೆಂಗಳೂರಿನ ಬಿಇಎಲ್, ಇದೇ ಹೈದರಾಬಾದಿನ ಇಸಿಐಎಲ್. ಹಿಂದಿನ ಸೆಪ್ಟೆಂಬರ್‌ನಲ್ಲಿ ಚುನಾವಣಾ ಆಯೋಗವೇ ನಿಮ್ಮನ್ನು ದೆಹಲಿಗೆ ಕರೆಸಿ, ದೋಷ ತೋರಿಸಿ ಎಂದು ಹೇಳಿ, ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿತ್ತು. ಈಗ ತಡೆಯುವವರಿಲ್ಲ. ಪಕ್ಕದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಅಲೆಕ್ಸ್ ಹಾಲ್ಡರ್‌ಮನ್ ಅವರ ತಂಡ, ನೆದರ್ಲೆಂಡ್ಸ್‌ನ ಹ್ಯಾಕರ್ ರಾಪ್ ಗೊಂಗ್ರೈಪ್.

ಸ್ಕ್ರೂ ಬಿಚ್ಚುತ್ತೀರಿ. ಮುಚ್ಚಳ ಏಳುತ್ತದೆ. ಫಲಿತಾಂಶ ತೋರಿಸುವ ಪುಟ್ಟ ಫಲಕವನ್ನು ತೆಗೆದು, ಅದರ ಜಾಗಕ್ಕೆ ತದ್ರೂಪಿ ಫಲಕವೊಂದನ್ನು ಕೂರಿಸುತ್ತೀರಿ. ಬೆಸುಗೆಯ ಸುಟ್ಟ ವಾಸನೆ ಮೂಗಿಗೆ ಹತ್ತುತ್ತದೆ. ಅಂಕಿ ಬೆಳಗುವ ದೀಪಗಳ ಕೆಳಗೆ ಇರುವ ಎರಡು ಮೂರು ಮಿಲಿಮೀಟರ್ ಸಂದಿಯಲ್ಲಿ ಇನ್ನೊಂದು ಚಿಪ್ ಮತ್ತು ಬ್ಲೂಟೂತ್ ಅಡಗಿವೆ. ಮೊಬೈಲಿನಲ್ಲಿ ಅಭ್ಯರ್ಥಿಯನ್ನು ಆರಿಸಿ, ಎಣಿಕೆಯ ಗುಂಡಿ ಒತ್ತಿ. ಯಂತ್ರದ ನೆನಪಿನಲ್ಲಿರುವ ಮತಗಳು ಇದ್ದಂತೆಯೇ ಇವೆ. ದೀಪದಲ್ಲಿ ಬೆಳಗುವ ಅಂಕಿ ಮಾತ್ರ ಬೇರೆ. ಬೆನ್ನುಹುರಿಯಲ್ಲಿ ಛಳುಕು ಏಳುತ್ತದೆ. ಗೆದ್ದೆ ಎನ್ನುವ ಖುಷಿಗಿಂತ, ಇದು ಇಷ್ಟು ಸುಲಭವೇ ಎನ್ನುವ ಭಯ ದೊಡ್ಡದು.

ಯಾವುದೇ ಚುನಾವಣೆಯಲ್ಲಿ ಮೋಸ ನಡೆದಿದೆ ಎಂದು ಇದರಿಂದ ಸಾಬೀತಾಗುವುದಿಲ್ಲ. ಯಂತ್ರ ಕೈಗೆ ಸಿಕ್ಕರೆ ಏನು ಮಾಡಬಹುದು ಎಂಬುದಷ್ಟೇ ಗೊತ್ತಾಗುತ್ತದೆ. ಮೊಹರು, ಭದ್ರತೆ, ಕಾವಲು ಎಲ್ಲ ಇರುವಾಗ ಅದು ಆಗದ ಮಾತು ಎನ್ನುತ್ತದೆ ಆಯೋಗ. ಆದರೆ ಮೋಸ ಆದರೆ ಮತದಾರನಿಗೆ ತಿಳಿಯುವುದು ಹೇಗೆ? ಮರುಎಣಿಕೆಗೆ ಆಗ ಒಂದು ಚೂರು ಕಾಗದವೂ ಇರಲಿಲ್ಲ.

ಗಾಡಿ ಓಡುತ್ತಿದೆ. ಮೊಬೈಲ್ ಇನ್ನೂ ಕಿತ್ತುಕೊಂಡಿಲ್ಲ. ಅದರಲ್ಲೇ ಹಾಲ್ಡರ್‌ಮನ್ ಜೊತೆ ಮಾತಾಡುತ್ತೀರಿ. ಮುಂಬೈ ಹೆದ್ದಾರಿ ಜಹೀರಾಬಾದ್ ದಾಟಿ, ನಮ್ಮ ಬೀದರ್ ಜಿಲ್ಲೆಯ ಹುಮನಾಬಾದಿನ ಮೇಲೆ ಸೋಲಾಪುರಕ್ಕೆ ಸಾಗುತ್ತದೆ. ಎರಡೂ ಬದಿ ಎರೆಮಣ್ಣು, ತೊಗರಿಯ ಹಸಿರು. ಸೊಂಟ ಹಿಡಿದುಕೊಂಡಿದೆ, ಹೊಟ್ಟೆಯಲ್ಲಿ ಸಂಕಟ. ಪ್ರತಿ ಮೈಲಿಗೂ ಅದೇ ಪ್ರಶ್ನೆ ಮರಳುತ್ತದೆ: ಹೇಳಿಬಿಡಲೇ? ಈಗ? ಸೋಲಾಪುರದಲ್ಲಿ? ಪುಣೆಯಲ್ಲಿ? ಇಲ್ಲ.

ಮುಂಬೈ. ಇಲ್ಲಿ ದಾಖಲಾದ, ಯಂತ್ರ ಕದ್ದ ಪ್ರಕರಣ. ಲಾಕಪ್ಪಿನಲ್ಲಿ ದಿನಗಳು ಎಳೆಯುತ್ತವೆ. ಆಗಸ್ಟ್ 28ರಂದು ಜಾಮೀನು ಸಿಗುತ್ತದೆ. ಯಂತ್ರ ಕದ್ದದ್ದೇ ಆಗಿದ್ದರೂ ಇದರಲ್ಲಿ ಅಪ್ರಾಮಾಣಿಕ ಉದ್ದೇಶ ಕಾಣುವುದಿಲ್ಲ, ದೋಷ ತೋರಿಸುವ ಪ್ರಯತ್ನವಷ್ಟೇ ಕಾಣುತ್ತದೆ ಎಂಬುದು ನ್ಯಾಯಾಧೀಶರ ಮಾತಿನ ಸಾರ. ಏಳು ದಿನಗಳಲ್ಲಿ ಮೊದಲ ಸಲ ಉಸಿರು ಪೂರ್ತಿ ಎದೆಗಿಳಿಯುತ್ತದೆ. ಅದೇ ವರ್ಷ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಹರಿಪ್ರಸಾದ್ ಅವರಿಗೆ ಪಯೋನಿಯರ್ ಪ್ರಶಸ್ತಿ ಕೊಡುತ್ತದೆ.

ಆದರೆ ಹೀಗೆ ವ್ಯವಸ್ಥೆಯನ್ನು ಪ್ರಶ್ನಿಸುವ ಹಲವು ಹ್ಯಾಕರ್‌ಗಳ ಬೆಲೆ ಜಗತ್ತಿಗೆ ತಿಳಿಯುವುದು ಅವರು ಹೋದ ಮೇಲೆ. ಸಂಶೋಧನಾ ಲೇಖನಗಳನ್ನು ರಾಶಿರಾಶಿಯಾಗಿ ಇಳಿಸಿಕೊಂಡದ್ದಕ್ಕೆ ಮೊಕದ್ದಮೆ ಎದುರಿಸುತ್ತಿದ್ದ ಅಮೆರಿಕದ ಏರನ್ ಸ್ವಾರ್ಟ್ಜ್, 2013ರ ಜನವರಿಯಲ್ಲಿ, 26ನೇ ವಯಸ್ಸಿಗೇ ಜೀವ ತೊರೆದರು. ಜಗತ್ತು ಕಣ್ಣೀರಿಟ್ಟದ್ದು ಆಮೇಲೆ. ಇತ್ತ ನಮ್ಮ ದೇಶದಲ್ಲಿ, ಅದೇ ವರ್ಷ ಅಕ್ಟೋಬರ್ 8ರಂದು, ರಾಜಕಾರಣಿ ಸುಬ್ರಮಣಿಯನ್ ಸ್ವಾಮಿ ಹಾಕಿದ್ದ ಪ್ರಕರಣದಲ್ಲಿ, ಮುಕ್ತ ಚುನಾವಣೆಗೆ ಕಾಗದದ ದಾಖಲೆ ಬೇಕೇಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಇಂದು ನೀವು ಮತ ಹಾಕಿದಾಗ ವಿವಿಪ್ಯಾಟ್ ಗಾಜಿನ ಹಿಂದೆ ಏಳು ಸೆಕೆಂಡು ಚೀಟಿ ಕಾಣುತ್ತದಲ್ಲ, ಹರಿಪ್ರಸಾದ್ ಅವರಂಥವರು ಎತ್ತಿದ ಪ್ರಶ್ನೆಯೂ ಅದರ ಹಿಂದಿದೆ.

ಆ ಮುಂಜಾನೆ ಪೊಲೀಸರು ಕೇಳಿದ್ದು ಯಂತ್ರ ಕೊಟ್ಟವರು ಯಾರು ಎಂದು. ಯಂತ್ರದೊಳಗೆ ಏನು ಕಂಡಿರಿ ಎಂದು ಕೇಳಿದ್ದರೆ, ಉತ್ತರ ಹೇಳಲು ಹರಿಪ್ರಸಾದ್ ಮೊದಲಿನಿಂದಲೂ ತಯಾರಿದ್ದರು. ಮುಂದಿನ ಸಲ ಯಾರಾದರೂ ದೋಷ ಹಿಡಿದುಕೊಂಡು ಬಂದರೆ, ಮೊದಲು ಯಂತ್ರವನ್ನು ಮೇಜಿನ ಮೇಲಿಟ್ಟು ಅವರ ಮಾತು ಪೂರ್ತಿ ಕೇಳೋಣ. ಅವರು ಬದುಕಿರುವಾಗಲೇ ಕೇಳೋಣ.